ಡೆಜ್ ಬ್ರಯಂಟ್ ಹಿಡಿದದ್ದು ಕ್ಯಾಚೇ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಒಂದು ಕ್ಯಾಚ್ ಬಗ್ಗೆ ಮಾತಾಡೋಣ. ಕ್ರಿಕೆಟ್‌ದಲ್ಲ, ಅಮೆರಿಕನ್ ಫುಟ್‌ಬಾಲ್‌ದು. ಆ ಆಟದಲ್ಲಿ ಎರಡೂ ತುದಿ ಚೂಪಾಗಿರುವ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೇ ದೂರದಲ್ಲಿರುವ ಜೊತೆಗಾರನಿಗೆ ಎಸೆಯುತ್ತಾರೆ. 10 ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ. ಅಷ್ಟರಲ್ಲಿ ಆಗದಿದ್ದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಈ ಕಥೆಗೆ ಇಷ್ಟು ಗೊತ್ತಿದ್ದರೆ ಸಾಕು.

2015ರ ಜನವರಿ 11. ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಊರಿನ ಲ್ಯಾಂಬೋ ಫೀಲ್ಡ್. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಪ್ಲೇಆಫ್ ಪಂದ್ಯ. ಗ್ರೀನ್ ಬೇ ಪ್ಯಾಕರ್ಸ್ 26, ಡಲ್ಲಾಸ್ ಕೌಬಾಯ್ಸ್ 21. ಪಂದ್ಯ ಮುಗಿಯಲು ಐದು ನಿಮಿಷವೂ ಉಳಿದಿಲ್ಲ. ಸೋತವರು ಮನೆಗೆ.

ಡಲ್ಲಾಸ್‌ಗೆ ಅದು ನಾಲ್ಕನೇ ಅವಕಾಶ. ಬೇಕಾಗಿದ್ದದ್ದು ಬರೀ 2 ಯಾರ್ಡ್. ಹತ್ತಿರದಲ್ಲೇ ಯಾರಿಗಾದರೂ ಕೊಟ್ಟು ಉಸಿರು ಉಳಿಸಿಕೊಳ್ಳಬಹುದಿತ್ತು. ಡಲ್ಲಾಸ್ ಪರ ಚೆಂಡು ಎಸೆಯುವ ಟೋನಿ ರೋಮೋ ಹಾಗೆ ಮಾಡಲಿಲ್ಲ. ಎಡಬದಿಯಲ್ಲಿ ಓಡುತ್ತಿದ್ದ ಜೊತೆಗಾರ ಡೆಜ್ ಬ್ರಯಂಟ್ ಕಡೆಗೆ ಉದ್ದಕ್ಕೆ ಎಸೆದರು. ಬ್ರಯಂಟ್ ಮೈಗಂಟಿಕೊಂಡೇ ಗ್ರೀನ್ ಬೇ ಆಟಗಾರ ಸ್ಯಾಮ್ ಶೀಲ್ಡ್ಸ್ ಓಡುತ್ತಿದ್ದರು. ಬ್ರಯಂಟ್, ಶೀಲ್ಡ್ಸ್ ತಲೆಯ ಮೇಲೆ ಹಾರಿ ಚೆಂಡು ಹಿಡಿದರು. ಕಾಲು ನೆಲಕ್ಕೆ ತಾಕಿತು, ಹೆಜ್ಜೆಗಳು ಬಿದ್ದವು. ಮುಗ್ಗರಿಸುತ್ತಲೇ ಚೆಂಡನ್ನು ಎಡಗೈಗೆ ತಂದುಕೊಂಡು ಗೋಲ್ ಲೈನ್, ಅಂದರೆ ಅಂಕಕ್ಕಾಗಿ ದಾಟಬೇಕಾದ ಗೆರೆ, ಅದರ ಕಡೆಗೆ ಚಾಚಿದರು. ನೆಲಕ್ಕೆ ಬಿದ್ದಾಗ ಚೆಂಡು ನೆಲಕ್ಕೆ ಬಡಿದು ಪುಟಿಯಿತು. ಉರುಳುತ್ತಲೇ ಅದನ್ನು ಮತ್ತೆ ಹಿಡಿದುಕೊಂಡರು.

ಮೈದಾನದಲ್ಲಿದ್ದ ಅಧಿಕಾರಿಗಳು ಕ್ಯಾಚ್ ಅಂದರು. ಗೋಲ್ ಲೈನ್‌ಗೆ ಇನ್ನು ಒಂದು ಯಾರ್ಡ್ ಇದೆ ಅಂದರು. ಪ್ಯಾಕರ್ಸ್ ಕೋಚ್ ಮೈಕ್ ಮೆಕಾರ್ಥಿ ಆ ತೀರ್ಪನ್ನು ಪ್ರಶ್ನಿಸಿದರು. ರೆಫರಿ ಜೀನ್ ಸ್ಟೆರಟೋರ್ ರಿಪ್ಲೇ ನೋಡಿ ಬಂದು ಅದು ಕ್ಯಾಚ್ ಅಲ್ಲ ಅಂದುಬಿಟ್ಟರು. ನಾಲ್ಕನೇ ಅವಕಾಶವೂ ಹೋಗಿ ಚೆಂಡು ಗ್ರೀನ್ ಬೇ ಪಾಲಾಯಿತು. ಅವರು ಅದನ್ನು ಡಲ್ಲಾಸ್ ಕೈಗೆ ಮತ್ತೆ ಕೊಡಲೇ ಇಲ್ಲ.

ಅವತ್ತಿನ ನಿಯಮ ಏನು ಹೇಳುತ್ತಿತ್ತು? ಚೆಂಡು ಹಿಡಿಯುತ್ತಲೇ ಆಟಗಾರ ನೆಲಕ್ಕೆ ಬೀಳುತ್ತಿದ್ದರೆ, ನೆಲಕ್ಕೆ ಬಿದ್ದು ಮುಗಿಯುವವರೆಗೂ ಚೆಂಡಿನ ಮೇಲೆ ಹಿಡಿತ ತಪ್ಪಬಾರದು. ಕ್ರಿಕೆಟ್ ನೋಡುವವರಿಗೆ ಇದು ಹೊಸದಲ್ಲ. 2023ರ ಆ್ಯಶಸ್ ನೆನಪಿದೆಯಾ? ಲಾರ್ಡ್ಸ್‌ನಲ್ಲಿ ಬೆನ್ ಡಕೆಟ್ ಹೊಡೆದ ಚೆಂಡನ್ನು ಮಿಚೆಲ್ ಸ್ಟಾರ್ಕ್ ಹಿಡಿದು ಜಾರಿದರು. ಜಾರುವಾಗ ಚೆಂಡು ಹುಲ್ಲಿಗೆ ಉಜ್ಜಿತು. ಮೂರನೇ ಅಂಪೈರ್ ನಾಟೌಟ್ ಕೊಟ್ಟರು. ಚೆಂಡಿನ ಮೇಲೂ ತನ್ನ ಮೈ ಮೇಲೂ ಪೂರ್ತಿ ಹತೋಟಿ ಬಂದಮೇಲೇ ಕ್ಯಾಚ್, ಅಷ್ಟರವರೆಗೆ ಚೆಂಡು ನೆಲ ಮುಟ್ಟಬಾರದು ಅನ್ನೋದು ಅಲ್ಲಿನ ನಿಯಮ. ಸ್ಟಾರ್ಕ್ ವಿಷಯದಲ್ಲಿ ಆ ತೀರ್ಪು ಸರಿ ಅಂತಲೇ ನನ್ನ ಅಭಿಪ್ರಾಯ.

ಹಾಗಾದರೆ ಬ್ರಯಂಟ್‌ಗೂ ಅದೇ ಸರಿ ಅಲ್ವಾ ಅಂತ ಕೇಳಬಹುದು. ಇಲ್ಲ. ಇಲ್ಲೊಂದು ದೊಡ್ಡ ವ್ಯತ್ಯಾಸ ಇದೆ. ಚೆಂಡು ಹಿಡಿದಮೇಲೆ ಫೀಲ್ಡರ್‌ಗೆ ಮಾಡಲು ಬೇರೆ ಕೆಲಸ ಇಲ್ಲ. ಫುಟ್‌ಬಾಲ್ ಆಟಗಾರನ ನಿಜವಾದ ಕೆಲಸ ಶುರುವಾಗುವುದೇ ಚೆಂಡು ಸಿಕ್ಕಮೇಲೆ. ಮುಂದೆ ನುಗ್ಗಬೇಕು, ಗೆರೆ ದಾಟಬೇಕು. ಅಂಥ ಒಂದು ಕೆಲಸ ಮಾಡುವಷ್ಟು ಹೊತ್ತು ಚೆಂಡು ಹತೋಟಿಯಲ್ಲಿದ್ದರೆ ಕ್ಯಾಚ್ ಆಯಿತು ಅಂತ ಅವತ್ತಿನ ನಿಯಮವೇ ಹೇಳುತ್ತಿತ್ತು. ಬ್ರಯಂಟ್ ಹೆಜ್ಜೆ ಇಟ್ಟರು, ಚೆಂಡನ್ನು ಕೈ ಬದಲಿಸಿದರು, ಗೆರೆಯತ್ತ ಚಾಚಿದರು. ಸುಮ್ನೆ ಬೀಳುತ್ತಿರುವ ಮನುಷ್ಯ ಹಾಗೆ ಕೈ ಚಾಚುವುದಿಲ್ಲ. ಬೀಳುವಾಗ ಯಾರೇ ಆದರೂ ಚೆಂಡನ್ನು ಎದೆಗೆ ಅವುಚಿಕೊಳ್ಳುತ್ತಾರೆ. ಅವರು ಅದನ್ನು ದೂರಕ್ಕೆ ಚಾಚಿದ್ದೇ ಚೆಂಡು ತನ್ನದಾಗಿದೆ ಅನ್ನೋ ಭರವಸೆಯಿಂದ.

ಆ ಹೆಜ್ಜೆಗಳೆಲ್ಲ ಬೀಳುವುದರ ಭಾಗವೇ, ಬೇರೆ ಕೆಲಸವಲ್ಲ ಅಂತ ಅಧಿಕಾರಿಗಳು ವಾದಿಸಿದರು. ಅದು ತೀರಾ ಹುರುಳಿಲ್ಲದ ವಾದವೇನಲ್ಲ. 2010ರಲ್ಲಿ ಶಿಕಾಗೋದಲ್ಲಿ ಡೆಟ್ರಾಯಿಟ್‌ನ ಕ್ಯಾಲ್ವಿನ್ ಜಾನ್ಸನ್ ಹಿಡಿದ ಟಚ್‌ಡೌನ್, ಅಂದರೆ ಗೆರೆಯಾಚೆ ಚೆಂಡು ಒಯ್ದು ಗಳಿಸುವ 6 ಅಂಕ, ಅದು ಕೂಡ ಇದೇ ನಿಯಮದಡಿ ರದ್ದಾಗಿತ್ತು. ಒಂದೇ ನಿಯಮವನ್ನು ಎಲ್ಲರಿಗೂ ಒಂದೇ ತರಹ ಹಚ್ಚಬೇಕು, ನಿಜ.

ಆದರೆ ನನಗೆ ಸಿಟ್ಟು ಬರುವುದು ರಿಪ್ಲೇ ಬಳಸಿದ ರೀತಿಗೆ. ಮೈದಾನದ ತೀರ್ಪು ಬದಲಿಸಬೇಕಾದರೆ ಅನುಮಾನಕ್ಕೆ ಎಡೆಯೇ ಇಲ್ಲದ ದೃಶ್ಯ ಬೇಕು. ಚೆಂಡು ನೆಲಕ್ಕೆ ತಾಕಿದ್ದು ಕ್ಯಾಮೆರಾದಲ್ಲಿ ಕಂಡಿತು. ಅದನ್ನು ಒಪ್ಪೋಣ. ಆದರೆ ಅದಕ್ಕೆ ಮೊದಲೇ ಕ್ಯಾಚ್ ಮುಗಿದಿತ್ತೇ ಇಲ್ಲವೇ? ಇದು ಕಣ್ಣಿಗೆ ಕಾಣುವ ಸಂಗತಿಯಲ್ಲ, ನೋಡಿದವರು ತೂಗಿ ಹೇಳಬೇಕಾದ ಮಾತು. ಇಷ್ಟು ವರ್ಷ ಆದಮೇಲೂ ಅದೇ ದೃಶ್ಯ ನೋಡಿ ಜನ ಜಗಳ ಆಡುತ್ತಾರೆ ಅಂದರೆ ಅದರಲ್ಲಿ ಅನುಮಾನಕ್ಕೆ ಬೇಕಾದಷ್ಟು ಜಾಗ ಇದೆ ಅಂತ ತಾನೇ ಅರ್ಥ? ಅನುಮಾನ ಇದ್ದಾಗ ಮೈದಾನದ ತೀರ್ಪು ನಿಲ್ಲಬೇಕು. ಅವತ್ತು ನಿಲ್ಲಲಿಲ್ಲ.

2017ರ ಡಿಸೆಂಬರ್‌ನಲ್ಲಿ ಪಿಟ್ಸ್‌ಬರ್ಗ್‌ನ ಜೆಸ್ಸಿ ಜೇಮ್ಸ್‌ಗೂ ಹೀಗೇ ಆಯಿತು. ಮೊಣಕಾಲು ಊರಿ ಗೆರೆಯಾಚೆ ಚೆಂಡು ಚಾಚಿದರು, ಟಚ್‌ಡೌನ್ ಕೊಟ್ಟು ಆಮೇಲೆ ಕಿತ್ತುಕೊಂಡರು. ಕೊನೆಗೆ 2018ರ ಮಾರ್ಚ್‌ನಲ್ಲಿ 32 ತಂಡಗಳ ಮಾಲೀಕರೂ ಒಮ್ಮತದಿಂದ ನಿಯಮ ಬದಲಿಸಿದರು. ಈಗ ಚೆಂಡಿನ ಹತೋಟಿ ಬೇಕು, ಎರಡು ಕಾಲೋ ಮೈಯ ಬೇರೊಂದು ಭಾಗವೋ ನೆಲದಲ್ಲಿ ಊರಬೇಕು, ಆಮೇಲೆ ಮೂರನೇ ಹೆಜ್ಜೆಯೋ ಮುಂದಕ್ಕೆ ಚಾಚುವುದೋ ಯಾವುದಾದರೊಂದು ನಡೆ, ಇಲ್ಲವೇ ಅದನ್ನು ಮಾಡುವಷ್ಟು ಹೊತ್ತಿನ ಹತೋಟಿ ಬೇಕು. ಬೀಳುವವರೆಗೂ ಹಿಡಿದಿರಬೇಕು ಅನ್ನೋ ಷರತ್ತು ಹೋಯಿತು. ಈ ಲೆಕ್ಕದಲ್ಲಿ ಬ್ರಯಂಟ್ ಹಿಡಿದದ್ದು ಕ್ಯಾಚ್.

ಅದನ್ನು ಕೊಟ್ಟಿದ್ದರೆ ಡಲ್ಲಾಸ್ ಗೆಲ್ಲುತ್ತಿತ್ತು ಅಂತ ನಾನು ಹೇಳುವುದಿಲ್ಲ. ಒಂದು ಯಾರ್ಡ್ ದೂರದಿಂದ ಡಲ್ಲಾಸ್‌ನ ಡಿಮಾರ್ಕೊ ಮರ್ರೆ ನುಗ್ಗಿ ಮುನ್ನಡೆ ತರುವ ಸಾಧ್ಯತೆ ಬಹಳವಾಗಿತ್ತು. ಆ ವರ್ಷ ಚೆಂಡು ಹಿಡಿದು ಓಡುವುದರಲ್ಲಿ ಇಡೀ ಲೀಗ್‌ಗೇ ಮೊದಲಿಗ ಅವರು. ಆದರೆ ಆಮೇಲೂ ನಾಲ್ಕು ನಿಮಿಷ ಉಳಿಯುತ್ತಿತ್ತು, ಎದುರಿಗೆ ಗ್ರೀನ್ ಬೇ ಪರ ಚೆಂಡು ಎಸೆಯುವ ಆ್ಯರನ್ ರಾಜರ್ಸ್ ಇದ್ದರು. ಮೀನಖಂಡದ ನೋವಿನಲ್ಲಿ ಕುಂಟುತ್ತಲೇ ಅವತ್ತು ಮೂರು ಟಚ್‌ಡೌನ್‌ಗಳಿಗೆ ಚೆಂಡು ಎಸೆದಿದ್ದರು. ಗ್ರೀನ್ ಬೇ ಗೆದ್ದರೂ ಗೆಲ್ಲಬಹುದಿತ್ತು. ಅದನ್ನು ಆ ನಾಲ್ಕು ನಿಮಿಷಗಳ ಆಟಕ್ಕೇ ಬಿಡಬೇಕಿತ್ತು.

ನಮಸ್ಕಾರ.