ಮತ ಕೇಳಲು ಬಂದ ವಕೀಲರು

ಕೇಳುಗರಿಗೆ ನಮಸ್ಕಾರ. ಅಮೆರಿಕದಲ್ಲಿ ನ್ಯಾಯಾಧೀಶರನ್ನು ಚುನಾವಣೆಯಲ್ಲಿ ಆರಿಸುತ್ತಾರೆ ಎಂದೊಡನೆ ನಮ್ಮಲ್ಲಿ ಅನೇಕರು ನಕ್ಕುಬಿಡುತ್ತಾರೆ. ದಯವಿಟ್ಟು ನಗಬೇಡಿ. ಅಲ್ಲಿಯ ಕೇಂದ್ರ ನ್ಯಾಯಾಲಯಗಳಿಗೆ ಅಧ್ಯಕ್ಷರು ನೇಮಿಸುತ್ತಾರೆ, ಸೆನೆಟ್ ಒಪ್ಪಿಗೆ ಕೊಡುತ್ತದೆ. ಆದರೆ ಆಸ್ತಿ ಜಗಳ, ವಿಚ್ಛೇದನ, ಕಳವು, ಕೊಲೆ ಮೊದಲಾದ ದಿನನಿತ್ಯದ ವ್ಯಾಜ್ಯಗಳು ನಡೆಯುವುದು ರಾಜ್ಯಗಳ ನ್ಯಾಯಾಲಯಗಳಲ್ಲಿ, ಮತ್ತು ಬಹಳಷ್ಟು ರಾಜ್ಯಗಳಲ್ಲಿ ಆ ಪೀಠ ಏರಬೇಕಾದವರು ಜನರ ಮುಂದೆ ಮತಕ್ಕಾಗಿ ನಿಲ್ಲಬೇಕಾಗುತ್ತದೆ. ಮಿಸಿಸಿಪಿ ರಾಜ್ಯವು 1832ರಲ್ಲಿಯೇ ತನ್ನ ಎಲ್ಲ ನ್ಯಾಯಾಧೀಶರ ಆಯ್ಕೆಯನ್ನು ಮತದಾರರಿಗೆ ಬಿಟ್ಟುಕೊಟ್ಟಿತು.

ಚುನಾವಣೆ ಮೇಲೋ ನೇಮಕಾತಿ ಮೇಲೋ ಎಂಬ ಚರ್ಚೆ ನನಗೆ ಬೇಸರ ತಂದಿದೆ. ವಿಚಾರಣಾ ನ್ಯಾಯಾಲಯದಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ವಕೀಲಿಕೆ ನಡೆಸಿದ ನಾನು ಕೇಳುವ ಪ್ರಶ್ನೆ ಒಂದೇ: ಪೀಠ ಬಯಸುವ ಈ ವಕೀಲರು ಎಷ್ಟು ಸಾಕ್ಷಿಗಳನ್ನು ಪಾಟೀಸವಾಲಿಗೆ, ಅಂದರೆ ಎದುರು ಪಕ್ಷದ ಸಾಕ್ಷಿಯ ಮಾತನ್ನು ಒರೆಗೆ ಹಚ್ಚುವ ಪ್ರಶ್ನೆಗಳಿಗೆ, ಗುರಿಪಡಿಸಿದ್ದಾರೆ?

ಕಾರಣ ಸರಳವಾಗಿದೆ. ಅಲ್ಲಿ ಜ್ಯೂರಿಯ, ಅಂದರೆ ಸಾಮಾನ್ಯ ನಾಗರಿಕರಿಂದ ಆರಿಸಿದ ತಂಡದ, ಮುಂದೆ ನಡೆಯುವ ವಿಚಾರಣೆಯಲ್ಲಿ ನಡೆದದ್ದೇನೆಂದು ತೀರ್ಮಾನಿಸುವವರು ಜ್ಯೂರಿಯ ಸದಸ್ಯರು. ಅವರ ಕಿವಿಗೆ ಯಾವ ಮಾತು ಬೀಳಬೇಕು, ಯಾವುದು ಬೀಳಬಾರದು ಎಂದು ನಿರ್ಧರಿಸುವವರು ನ್ಯಾಯಾಧೀಶರು. ಸಾಕ್ಷಿಯು "ಅವನೇ ಕದ್ದನೆಂದು ಪಕ್ಕದ ಮನೆಯವರು..." ಎಂದು ಬಾಯಿ ತೆರೆಯುತ್ತಿದ್ದಂತೆ ಎದುರು ವಕೀಲರು ಇದು ಬರಿಯ ಕೇಳಿಕೆಯ ಮಾತೆಂದು ಆಕ್ಷೇಪಿಸಿ ಎದ್ದು ನಿಲ್ಲುತ್ತಾರೆ. ಆ ಕ್ಷಣದಲ್ಲಿಯೇ ಆದೇಶ ಬರಬೇಕು, ಪುಸ್ತಕ ತಿರುವಿ ಹಾಕಲು ಸಮಯವಿಲ್ಲ. ಒಮ್ಮೆ ಕೇಳಿದ ಮಾತನ್ನು ಮರೆತುಬಿಡಿ ಎಂದು ಹನ್ನೆರಡು ಜನರಿಗೆ ಹೇಳಿದರೆ ಯಾರು ಮರೆಯುತ್ತಾರೆ? ಸಾಕ್ಷಿಕಟ್ಟೆಯ ಎದುರು ನಿಂತು ಸೋತು ಗೆದ್ದವರಿಗೆ ಮಾತ್ರ ಆ ಆದೇಶ ನಾಲಿಗೆಯ ತುದಿಯಲ್ಲಿರುತ್ತದೆ.

ನಾನು ಹೋದಲ್ಲೆಲ್ಲ ಹೇಳುವ ಕಥೆಯೊಂದಿದೆ. ನಮ್ಮ ನೆರೆಯ ಕಾಸರಗೋಡು ಜಿಲ್ಲೆಯಲ್ಲಿ ಹುಟ್ಟಿದ ಸುರೇಂದ್ರನ್ ಪಟ್ಟೇಲ್ ಎಂಬವರು ಹತ್ತನೆಯ ತರಗತಿಯ ಬಳಿಕ ಓದು ಬಿಟ್ಟು ಬೀಡಿ ಕಟ್ಟಿದವರು. ಕರಾವಳಿಯ ಕೇಳುಗರಿಗೆ ಬೀಡಿ ಕಟ್ಟುವುದೆಂದರೇನೆಂದು ನಾನು ವಿವರಿಸಬೇಕಾಗಿಲ್ಲ. ಮಡಿಲಲ್ಲಿ ಮೊರ, ಮೊರದಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪು, ನೂಲು, ಸಂಜೆಯೊಳಗೆ ಲೆಕ್ಕ ತುಂಬಿಸಿ ಬೀಡಿ ಕಂಪನಿಯ ಬ್ರಾಂಚಿಗೆ ಕೊಡುವ ಅವಸರ. ಅವರು ಮತ್ತೆ ಕಾಲೇಜು ಸೇರಿದರು, ಕೋಝಿಕ್ಕೋಡಿನಲ್ಲಿ ಹೋಟೆಲೊಂದರಲ್ಲಿ ಕೆಲಸ ಮಾಡುತ್ತಲೇ ಕಾನೂನು ಓದಿದರು, 1995ರಲ್ಲಿ ಪದವಿ ಪಡೆದು ಹೊಸದುರ್ಗದಲ್ಲಿ ವಕೀಲಿಕೆ ಆರಂಭಿಸಿದರು. ಇದು ಚಿತ್ರದುರ್ಗದ ಹೊಸದುರ್ಗವಲ್ಲ, ಕಾಞಂಗಾಡಿನ ಹೊಸದುರ್ಗ. ಅಲ್ಲಿಂದ ದೆಹಲಿ, 2007ರಲ್ಲಿ ದಾದಿಯಾಗಿದ್ದ ಪತ್ನಿಗೆ ಹ್ಯೂಸ್ಟನ್‌ನಲ್ಲಿ ಉದ್ಯೋಗ ದೊರೆತಾಗ ಅವರೊಂದಿಗೆ ಟೆಕ್ಸಾಸ್.

ಇಲ್ಲಿ ವಕೀಲರಾಗಿದ್ದವರು ಅಲ್ಲಿ ಕಿರಾಣಿ ಅಂಗಡಿಯಲ್ಲಿ ದುಡಿದರು. ಆಮೇಲೆ ಟೆಕ್ಸಾಸಿನ ವಕೀಲರ ಪರೀಕ್ಷೆಯನ್ನು ಮೊದಲ ಪ್ರಯತ್ನದಲ್ಲಿಯೇ ಪಾಸು ಮಾಡಿ ಮತ್ತೆ ನ್ಯಾಯಾಲಯಕ್ಕೆ ಇಳಿದರು, 2017ರಲ್ಲಿ ಪೌರತ್ವ ಪಡೆದರು. 2022ರಲ್ಲಿ ಫೋರ್ಟ್ ಬೆಂಡ್ ಕೌಂಟಿಯ (ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥದ್ದು) 240ನೇ ಜಿಲ್ಲಾ ನ್ಯಾಯಾಲಯದ ಪೀಠಕ್ಕೆ ಸ್ಪರ್ಧಿಸಿ, ಅಭ್ಯರ್ಥಿಯನ್ನು ಆರಿಸಲು ತಮ್ಮದೇ ಡೆಮಾಕ್ರಟಿಕ್ ಪಕ್ಷ ನಡೆಸುವ ಒಳಚುನಾವಣೆಯಲ್ಲಿ ಆಗ ಅಧಿಕಾರದಲ್ಲಿದ್ದ ನ್ಯಾಯಾಧೀಶರನ್ನು ಸೋಲಿಸಿ, ನವೆಂಬರಿನಲ್ಲಿ ರಿಪಬ್ಲಿಕನ್ ಅಭ್ಯರ್ಥಿಯನ್ನೂ ಸೋಲಿಸಿದರು. ಪ್ರಚಾರದ ವೇಳೆ ಕೆಲವರು ಆಡಿಕೊಂಡದ್ದು ಅವರ ಇಂಗ್ಲಿಷ್ ಉಚ್ಚಾರಣೆಯ ಬಗ್ಗೆ! ಎರಡು ದೇಶಗಳ ನ್ಯಾಯಾಲಯಗಳಲ್ಲಿ ವಾದಿಸಿದವರ ಬಗ್ಗೆ ಕೇಳಬೇಕಾದ ಪ್ರಶ್ನೆ ಅದೇನು? ಎಷ್ಟು ಸಾಕ್ಷಿಗಳನ್ನು ಎದುರಿಸಿದ್ದೀರಿ ಎಂದು ಕೇಳಬೇಕಿತ್ತು.

ಕಥೆ ಉದ್ದವಾಯಿತು, ಈ ಚುನಾವಣೆಗಳ ಹಣದ ವಿಷಯವನ್ನು ಬೇಗ ಮುಗಿಸುತ್ತೇನೆ. ಫ್ಲಾರಿಡಾದಲ್ಲಿ ಕೌಂಟಿ ನ್ಯಾಯಾಧೀಶೆಯಾಗಬಯಸಿದ ವಕೀಲೆಯೊಬ್ಬರು 2009ರಲ್ಲಿ ಇಪ್ಪತ್ತೈದರಿಂದ ಐನೂರು ಡಾಲರುಗಳವರೆಗೆ ದೇಣಿಗೆ ಕೇಳಿ ತಮ್ಮ ಸಹಿಯಲ್ಲಿ ಪತ್ರ ಹಂಚಿದರು. ಅಭ್ಯರ್ಥಿ ಸ್ವತಃ ಹಣ ಕೇಳಬಾರದೆಂಬುದು ಅಲ್ಲಿಯ ನಿಯಮ. ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು, 2015ರಲ್ಲಿ ಐದು ಮತ್ತು ನಾಲ್ಕರ ಬಹುಮತದಿಂದ ನಿಯಮವೇ ಉಳಿಯಿತು. ಪ್ರಚಾರ ಸಮಿತಿಯ ಮೂಲಕ ಹಣ ಕೇಳಬಹುದು, ಕೊಟ್ಟವರಿಗೆ ಅಭ್ಯರ್ಥಿಯೇ ವಂದನೆಯ ಪತ್ರವನ್ನೂ ಬರೆಯಬಹುದು ಎಂಬುದು ಬೇರೆ ಮಾತು. ಪಶ್ಚಿಮ ವರ್ಜೀನಿಯದಲ್ಲಂತೂ ಐದು ಕೋಟಿ ಡಾಲರುಗಳ ಪರಿಹಾರದ ತೀರ್ಪಿಗೆ ಗುರಿಯಾದ ಕಲ್ಲಿದ್ದಲು ಕಂಪನಿಯ ಮುಖ್ಯಸ್ಥರು 2004ರಲ್ಲಿ ಒಬ್ಬ ವಕೀಲರ ಗೆಲುವಿಗಾಗಿ ಸುಮಾರು ಮೂವತ್ತು ಲಕ್ಷ ಡಾಲರು ಸುರಿದರು. ಗೆದ್ದ ಆ ನ್ಯಾಯಾಧೀಶರು ಅದೇ ಕಂಪನಿಯ ಮೇಲ್ಮನವಿಯ ವಿಚಾರಣೆಯಿಂದ ಹಿಂದೆ ಸರಿಯಬೇಕಿತ್ತೆಂದು ಸುಪ್ರೀಂ ಕೋರ್ಟು 2009ರಲ್ಲಿ ಹೇಳಬೇಕಾಯಿತು.

ನಿಮ್ಮ ಮಗನೋ ಮಗಳೋ ಟೆಕ್ಸಾಸಿನಲ್ಲಿ ಪೌರತ್ವ ಪಡೆದಿದ್ದರೆ ಮುಂದಿನ ಬಾರಿ ಫೋನು ಮಾಡಿದಾಗ ಒಂದು ಮಾತು ಹೇಳಿ. ಅಲ್ಲಿಯ ಮತಪತ್ರ ಬಹಳ ಉದ್ದ, ಜಿಲ್ಲಾ ನ್ಯಾಯಾಧೀಶರ ಹೆಸರುಗಳು ಗವರ್ನರು, ಶಾಸಕರೆಲ್ಲ ಮುಗಿದ ಮೇಲೆ ಕೆಳಗೆ ಬರುತ್ತವೆ. ಅಲ್ಲಿಯವರೆಗೆ ಇಳಿಯುವ ತಾಳ್ಮೆ ಇರಲಿ. ಹೆಸರಿನ ಪಕ್ಕದಲ್ಲಿ ಪಕ್ಷ ಕಾಣುತ್ತದೆ, ಪಾಟೀಸವಾಲು ಕಾಣುವುದಿಲ್ಲ. ಅದನ್ನು ಆ ಊರಿನ ಯಾವುದಾದರೂ ಹಳೆಯ ವಕೀಲರಲ್ಲಿ ಮೊದಲೇ ಕೇಳಿ ತಿಳಿದುಕೊಂಡು ಹೋಗಲಿ. ನಮಸ್ಕಾರ.