ಕಿಲಿಮಂಜಾರೋಗೆ ಹೊರಡುವ ಮುನ್ನ

ಕೇಳುಗರಿಗೆ ನಮಸ್ಕಾರ.

ಕೊಡಗಿನವರಿಗೆ ಬೆಟ್ಟ ಹೊಸದಲ್ಲ. ತಡಿಯಂಡಮೋಳ್, ಪುಷ್ಪಗಿರಿ, ಬ್ರಹ್ಮಗಿರಿ ಹತ್ತಿದವರು ಊರೂರಲ್ಲೂ ಸಿಗುತ್ತಾರೆ. ಅವರಲ್ಲಿ ಕೆಲವರು ಈಗ ಆಫ್ರಿಕಾದ ಕಡೆ ನೋಡುತ್ತಿದ್ದಾರೆ. ಕಿಲಿಮಂಜಾರೋಗೆ ಹೋಗಬೇಕು, ಪರ್ಮಿಟ್ ಹೇಗೆ, ಖರ್ಚು ಎಷ್ಟು ಅಂತ ಕೇಳುತ್ತಾರೆ. ಎಷ್ಟು ದಿನ ಬೇಕು ಅಂತ ಕೇಳುವವರು ಮಾತ್ರ ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದು.

ಕಿಲಿಮಂಜಾರೋ ತಾಂಜಾನಿಯಾ ದೇಶದ ಜ್ವಾಲಾಮುಖಿ. ಕಿಬೋ, ಮವೆಂಜಿ, ಶಿರಾ ಎಂಬ ಮೂರು ಜ್ವಾಲಾಮುಖಿಗಳು ಸೇರಿ ಆದ ಬೆಟ್ಟ. ಕಿಬೋದ ಅಂಚಿನಲ್ಲಿರುವ ಉಹುರು ಶಿಖರದ ಎತ್ತರ 5,895 ಮೀಟರ್. ಸಮಭಾಜಕ ವೃತ್ತದ ಪಕ್ಕದಲ್ಲೇ ಇದ್ದರೂ ತಲೆಯ ಮೇಲೆ ಹಿಮ ಇದೆ. ಆದರೆ 1912ರಲ್ಲಿ ಇದ್ದ ಹಿಮನದಿಗಳಲ್ಲಿ ಐದರಲ್ಲಿ ನಾಲ್ಕು ಪಾಲು ಈಗಾಗಲೇ ಕರಗಿ ಹೋಗಿದೆ.

ನಮ್ಮ ತಡಿಯಂಡಮೋಳ್ 1,748 ಮೀಟರ್. ಕಿಲಿಮಂಜಾರೋ ಹತ್ತುವ ದಾರಿಗಳಲ್ಲಿ ಒಂದಾದ ಮರಂಗುವಿನ ಗೇಟ್ ಇರುವುದೇ ಸುಮಾರು 1,860 ಮೀಟರ್‌ನಲ್ಲಿ. ನಾವು ಹತ್ತಿ ಮುಗಿಸುವ ಎತ್ತರದಿಂದಲೂ ಮೇಲೆ ಅವರು ಹತ್ತಲು ಶುರು ಮಾಡುತ್ತಾರೆ. ಹಗ್ಗ ಹಿಡಿದು ಬಂಡೆ ಏರುವ ಕೆಲಸ ಅಲ್ಲಿಲ್ಲ, ನಡಿಗೆಯೇ. ಕಷ್ಟ ಇರುವುದು ಗಾಳಿಯಲ್ಲಿ. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧದಷ್ಟೇ. ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಅರ್ಧ.

ಈಗ ಪರ್ಮಿಟ್ ವಿಷಯ. ನಮ್ಮಲ್ಲಿ ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ನಾವೇ ಮಾಡಿಸಿಕೊಂಡು ಹೊರಡಬಹುದು. ಅಲ್ಲಿ ಹಾಗಿಲ್ಲ. ಲೈಸೆನ್ಸ್ ಇರುವ ಗೈಡ್ ಇಲ್ಲದೆ ಯಾರನ್ನೂ ಬಿಡುವುದಿಲ್ಲ. ಪರ್ಮಿಟ್ ಮಾಡಿಸುವುದು, ಬೆಟ್ಟ ಇರುವ ರಾಷ್ಟ್ರೀಯ ಪಾರ್ಕಿಗೆ ಹಣ ಕಟ್ಟುವುದು ನೋಂದಾಯಿತ ಟೂರ್ ಕಂಪನಿಯ ಕೆಲಸ. ಪಾರ್ಕ್ ಶುಲ್ಕವನ್ನು ದಿನದ ಲೆಕ್ಕದಲ್ಲಿ ಹಾಕುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ವಿದೇಶಿಯರಿಗೆ ದಿನಕ್ಕೆ 70 ಡಾಲರ್ ಇದೆ. ರಾತ್ರಿ ಉಳಿಯುವುದಕ್ಕೆ ಬೇರೆ, ಅಪಾಯದಲ್ಲಿ ಸಿಕ್ಕವರನ್ನು ಕೆಳಗಿಳಿಸುವ ರಕ್ಷಣಾ ಶುಲ್ಕ ಬೇರೆ, ಇದರ ಮೇಲೆ ತೆರಿಗೆ. ಅಂದರೆ ಒಂದು ದಿನ ಜಾಸ್ತಿ ಇದ್ದರೆ ಅಷ್ಟು ಹಣ ಜಾಸ್ತಿ.

ಎಡವಟ್ಟು ಆಗುವುದು ಇಲ್ಲೇ. ಪಾರ್ಕ್ ಶುಲ್ಕ ಎಲ್ಲ ಕಂಪನಿಗೂ ಒಂದೇ. ಹಾಗಿದ್ದ ಮೇಲೆ ಒಬ್ಬರು ತೀರಾ ಕಡಿಮೆ ದರ ಹೇಳಿದರೆ ಅದು ಎಲ್ಲಿಂದ ಕಡಿಮೆಯಾಯಿತು? ಒಂದೋ ದಿನ ಕತ್ತರಿಸಿದ್ದಾರೆ, ಇಲ್ಲವೇ ಹೊರೆ ಹೊರುವವರ ಕೂಲಿ ಕತ್ತರಿಸಿದ್ದಾರೆ.

ದಿನ ಕತ್ತರಿಸಿದರೆ ಏನಾಗುತ್ತದೆ ನೋಡಿ. ಮರಂಗು ದಾರಿಯನ್ನು ಐದು ದಿನದಲ್ಲಿ ಮುಗಿಸಿಕೊಡುತ್ತೇವೆ ಅನ್ನುತ್ತಾರೆ. ಮೊದಲ ರಾತ್ರಿ ಮಂದಾರಾ ಗುಡಿಸಲು, ಸುಮಾರು 2,700 ಮೀಟರ್. ಎರಡನೇ ರಾತ್ರಿ ಹೊರೊಂಬೊ, 3,700. ಮೂರನೇ ದಿನ ಕಿಬೋ ಗುಡಿಸಲು, 4,700. ಅಲ್ಲಿ ನಾಲ್ಕು ತಾಸು ಕಣ್ಣು ಮುಚ್ಚಿದರೆ ಹೆಚ್ಚು. ನಡುರಾತ್ರಿ ಎಬ್ಬಿಸುತ್ತಾರೆ, ಹೆಡ್‌ಲ್ಯಾಂಪ್ ಕಟ್ಟಿಕೊಂಡು ಇನ್ನೂ 1,200 ಮೀಟರ್ ಮೇಲಕ್ಕೆ. ಆದರೆ ಪರ್ವತ ವೈದ್ಯರು ಹೇಳುವುದೇ ಬೇರೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ರಾತ್ರಿಗೆ 500 ಮೀಟರ್‌ಗಿಂತ ಜಾಸ್ತಿ ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಇರಿ ಎನ್ನುತ್ತಾರೆ. ಎತ್ತರದ ಕಾಯಿಲೆ ಹಿಡಿದು ತಲೆನೋವು, ವಾಂತಿ, ತೂರಾಟ ಬಂದಾಗ ಕಾಲಿನ ಶಕ್ತಿ ಉಪಯೋಗಕ್ಕೆ ಬರುವುದಿಲ್ಲ. ಎಳೆಯರು, ಗಟ್ಟಿಮುಟ್ಟಾದವರು ಅಂತ ಆ ಕಾಯಿಲೆ ಬಿಡುವುದೂ ಇಲ್ಲ. ಆಗ ಇಳಿಯುವುದೊಂದೇ ದಾರಿ. ಹಾಗಾಗಿ ಲೆಮೋಶೋ ದಾರಿಯಲ್ಲಿ ಎಂಟು ದಿನ, ಮಚಾಮೆಯಲ್ಲಿ ಏಳು ದಿನ ಕೇಳಿ. ಮರಂಗುವೇ ಬೇಕು ಅಂದರೆ ಹೊರೊಂಬೊದಲ್ಲಿ ಎರಡು ರಾತ್ರಿ ಇಟ್ಟುಕೊಳ್ಳಿ. ಈ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಸ್ನೇಹಿತರ ಮಾತು ಕೇಳಿ ನುಂಗಬೇಡಿ. ಸಲ್ಫಾ ಅಲರ್ಜಿ ಇದ್ದವರು ಡಾಕ್ಟರಿಗೆ ಅದನ್ನು ಮೊದಲೇ ಹೇಳಬೇಕು.

ಗೇಟಿನಲ್ಲಿ ನಡೆಯುವ ಒಂದು ಕೆಲಸ ನಮ್ಮವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ನೀವು ಪುಸ್ತಕದಲ್ಲಿ ಹೆಸರು, ವಯಸ್ಸು, ಉದ್ಯೋಗ ಬರೆಯುತ್ತಿರುವಾಗ ಆಚೆ ಪೋರ್ಟರ್‌ಗಳು ಸಾಲಾಗಿ ನಿಂತಿರುತ್ತಾರೆ. ತೋಟದಲ್ಲಿ ಸಂಜೆ ಕಾಫಿ ಹಣ್ಣು ತೂಗುವ ಹಾಗೆ ಒಬ್ಬೊಬ್ಬರ ಮೂಟೆಯೂ ತಕ್ಕಡಿಗೆ ಬೀಳುತ್ತದೆ. 20 ಕಿಲೋ ಮೀರುವಂತಿಲ್ಲ. ಮೀರಿದರೆ ಮೂಟೆ ಬಿಚ್ಚಿ ಇನ್ನೊಬ್ಬರಿಗೆ ಹಂಚಬೇಕು. ಆ ಮೂಟೆಯಲ್ಲಿ ನಿಮ್ಮ ಬಟ್ಟೆ, ಟೆಂಟ್, ನೀವು ಉಣ್ಣುವ ಅಕ್ಕಿ ಇರುತ್ತದೆ. ಅವರ ಕೂಲಿ, ಊಟ, ಬೆಚ್ಚನೆ ಬಟ್ಟೆ ಸರಿಯಾಗಿದೆಯೇ ಎಂದು ನೋಡಿಕೊಳ್ಳಲು ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಇದೆ. ನಿಮ್ಮ ಕಂಪನಿ ಅದರ ಜೊತೆ ಇದೆಯೇ ಎಂದು ಕೇಳಿ. ಕೂಲಿಯವರನ್ನು ಇಟ್ಟು ತೋಟ ನಡೆಸುವ ನಾವು ಇದನ್ನು ಕೇಳದಿದ್ದರೆ ಇನ್ಯಾರು ಕೇಳಬೇಕು? ಆ ಇಳಿಜಾರಿನ ಚಗ್ಗಾ ಜನರೂ ಬಾಳೆಯ ನೆರಳಲ್ಲಿ ಅರೇಬಿಕಾ ಬೆಳೆಯುವವರೇ.

ಇನ್ನು ಕಾಲ. ಅಲ್ಲಿ ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ನವೆಂಬರ್ ಸುಮಾರಿಗೆ ಸಣ್ಣ ಮಳೆ. ಜನವರಿ, ಫೆಬ್ರವರಿ ಒಳ್ಳೆಯದೇ, ಆದರೆ ಆಗ ನಮ್ಮಲ್ಲಿ ರೊಬಸ್ಟಾ ಕೊಯ್ಲು. ಜೂನ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿ ಒಣ ಹವೆ, ಇಲ್ಲಿ ಮಳೆ. ನಾಟಿ ಮುಗಿಸಿ, ಕೈಲ್ ಮುಹೂರ್ತದ ಹಬ್ಬ ಮಾಡಿ, ಸೆಪ್ಟೆಂಬರ್‌ನಲ್ಲಿ ಹೊರಟರೆ ಅರೇಬಿಕಾ ಹಣ್ಣಾಗುವ ಮೊದಲು ಮನೆಯಲ್ಲಿರಬಹುದು.

ಕಾಗದಪತ್ರ ಕಷ್ಟವಲ್ಲ. ವೀಸಾಕ್ಕೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಪಾಸ್‌ಪೋರ್ಟ್‌ಗೆ ಆರು ತಿಂಗಳಾದರೂ ಅವಧಿ ಉಳಿದಿರಲಿ. ವಿಮೆ ಮಾಡಿಸುವಾಗ 6,000 ಮೀಟರ್‌ವರೆಗಿನ ಚಾರಣಕ್ಕೆ ಅನ್ವಯಿಸುತ್ತದೆಯೇ ಎಂದು ಓದಿ ನೋಡಿ, ಸಾಮಾನ್ಯ ಪ್ರವಾಸ ವಿಮೆಯಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ನೈರೋಬಿ ಅಥವಾ ಅಡಿಸ್ ಅಬಾಬ ಮೇಲೆ ಹೋಗಿ ಬರುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಬಿಡಿ. ಅಲ್ಲಿಂದ ಬರುವವರ ಹತ್ತಿರ ನಮ್ಮ ವಿಮಾನ ನಿಲ್ದಾಣದಲ್ಲೂ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ. ಹಾಕಿಸಿಕೊಂಡು ಹತ್ತು ದಿನ ಆದ ಮೇಲೆ ಅದು ಊರ್ಜಿತ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಏನನ್ನೂ ಕಟ್ಟಬೇಡಿ, ತಾಂಜಾನಿಯಾದಲ್ಲಿ 2019ರಿಂದ ನಿಷೇಧ ಇದೆ.

ಶೂ ಮಾತ್ರ ಈಗಲೇ ತೆಗೆದುಕೊಳ್ಳಿ. ಮಳೆ ಹಿಡಿಯುವ ಮೊದಲು ಅದನ್ನು ಹಾಕಿಕೊಂಡು ತಡಿಯಂಡಮೋಳ್ ನಾಲ್ಕಾರು ಸಲ ಹತ್ತಿ ಇಳಿಯಿರಿ. ಇಳಿಯುವಾಗ ಬೆರಳು ಮುಂದಕ್ಕೆ ತಾಗುತ್ತಿದ್ದರೆ ಅರ್ಧ ಸೈಜ್ ದೊಡ್ಡದು ಬೇಕು ಎಂದೇ ಲೆಕ್ಕ. ನಮಸ್ಕಾರ.