ಕಾಫಿ ಗೋಡೌನ್‌ನಲ್ಲಿ ನಾಟಕ: ಹಳೇ ಕಟ್ಟಡದೊಳಗೆ ಏನೇನು ನೋಡಬೇಕು?

[ಕಪ್ಪು ತೆರೆ. ಹಂಚಿನ ಮೇಲೆ ಮಳೆ ಹೊಯ್ಯುವ ಸದ್ದು ಮಾತ್ರ.]

ಈ ಸದ್ದು ಎಲ್ಲಿಂದಲೋ ಡೌನ್‌ಲೋಡ್ ಮಾಡಿ ಹಾಕಿದ್ದಲ್ಲ. ಜುಲೈ ತಿಂಗಳ ಒಂದು ಭಾನುವಾರ ಸಂಜೆ, ಚಿಕ್ಕಮಗಳೂರಿನ ಒಂದು ಹಳೇ ಕಾಫಿ ಗೋಡೌನ್ ಒಳಗೆ ಫೋನ್ ಹಿಡಿದು ಕೂತಿದ್ದೆ. ನಾಟಕ ನಡೆಯುತ್ತಿತ್ತು. ರಾಜ ಮಂತ್ರಿಗೆ ಬೈಯುವ ಘಟ್ಟ. ಅಷ್ಟರಲ್ಲಿ ಮಳೆ ಹಿಡಿಯಿತು ನೋಡಿ, ಎರಡನೇ ಸಾಲಿನಲ್ಲಿದ್ದ ನನಗೇ ಒಂದಕ್ಷರ ಕೇಳಿಸಲಿಲ್ಲ. ರಾಜ ಏನು ಮಾಡಿದ ಗೊತ್ತಾ? ಕಿರೀಟ ತೆಗೆದು ಪಕ್ಕಕ್ಕಿಟ್ಟು ರಂಗದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ. ಮಂತ್ರಿಯೂ ಪಕ್ಕದಲ್ಲಿ ಕೂತ. ಯಾರೋ ಫ್ಲಾಸ್ಕ್ ತಂದು ಇಬ್ಬರಿಗೂ ಕಾಫಿ ಬಗ್ಗಿಸಿ ಕೊಟ್ಟರು. ಜನ ನಗಲೂ ಇಲ್ಲ, ಗೊಣಗಲೂ ಇಲ್ಲ, ಪಕ್ಕದವರ ಜೊತೆ ಈ ಸಲದ ಮಳೆ ಲೆಕ್ಕ ಮಾತಾಡುತ್ತಾ ಇದ್ದರು. ಮಳೆ ಸಣ್ಣಗಾದ ಮೇಲೆ ರಾಜ ಎದ್ದು ಕಿರೀಟ ಹಾಕಿಕೊಂಡು, ಬೈಗುಳವನ್ನು ಬಿಟ್ಟಲ್ಲಿಂದಲೇ ಶುರು ಮಾಡಿದ.

[ಗೋಡೌನ್ ಹೊರಗೋಡೆ, ಹಗಲು.]

ನಮಸ್ಕಾರ. ಇವತ್ತು ಈ ಕಟ್ಟಡ ನೋಡೋಣ. ಜಾಗದ ಹೆಸರು, ರಸ್ತೆ ಯಾವುದೂ ಹೇಳುವುದಿಲ್ಲ. ನಡೆಸುವವರೇ ಹಾಗೆ ಕೇಳಿಕೊಂಡಿದ್ದಾರೆ. ಒಳಗೆ ಕೂರುವುದಕ್ಕೆ ನೂರು ಜನಕ್ಕಷ್ಟೇ ಜಾಗ, ಹೊರಗೆ ಹತ್ತು ಬೈಕ್ ನಿಂತರೆ ಗಲ್ಲಿ ಬಂದ್. ಊರಿನವರಿಗೆ ಹೇಗೂ ಗೊತ್ತು. ಗೊತ್ತಿಲ್ಲದಿದ್ದರೆ ಇಲ್ಲಿನ ಯಾವುದಾದರೂ ನಾಟಕದವರನ್ನು ಕೇಳಿ, ಕರೆದುಕೊಂಡೇ ಹೋಗುತ್ತಾರೆ.

ಅರಮನೆಯನ್ನು ಗ್ಯಾಲರಿ ಮಾಡಿದರೆ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ಮೈಸೂರಿನ ಜಗನ್ಮೋಹನ ಅರಮನೆ ಕಟ್ಟಿದ್ದು 1861ರಲ್ಲಿ, 1915ರಿಂದ ಅದು ಚಿತ್ರಶಾಲೆ. ಬೆಂಗಳೂರಿನ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿ ಇದೆ. ಅವೆಲ್ಲ ಮೊದಲೇ ಚೆಂದದ ಕಟ್ಟಡಗಳು, ಒಳಗೆ ಚಿತ್ರ ತೂಗುಹಾಕಿದರೆ ಇನ್ನಷ್ಟು ಚೆಂದ. ಗೋಡೌನ್ ಹಾಗಲ್ಲ. ಇದನ್ನು ಕಟ್ಟಿದವರು ಚೆಂದದ ಬಗ್ಗೆ ಒಂದು ನಿಮಿಷವೂ ತಲೆ ಕೆಡಿಸಿಕೊಂಡಿರಲಿಕ್ಕಿಲ್ಲ. ಜೊತೆಗೆ ಇಲ್ಲಿಂದ ಇಪ್ಪತ್ತೈದು ಕಿಲೋಮೀಟರ್ ಆಸುಪಾಸಿನಲ್ಲಿ ಬೇಲೂರು! 1117ರ ದೇವಸ್ಥಾನ, 2023ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇದೆ. ಅಂಥದ್ದನ್ನು ಪಕ್ಕದಲ್ಲಿ ಇಟ್ಟುಕೊಂಡು ಒಂದು ಹಂಚಿನ ಶೆಡ್ಡನ್ನು ಹಳೇ ಕಟ್ಟಡ ಅಂತ ತೋರಿಸಿದರೆ ನಮ್ಮವರು ನಗುತ್ತಾರೆ. ನಾನೂ ನಕ್ಕಿದ್ದೆ.

[ಒಳಗೆ. ಕ್ಯಾಮೆರಾ ನಿಧಾನಕ್ಕೆ ಮೇಲಕ್ಕೆ.]

ಆದರೆ ಗೋಡೌನ್ ನಾಟಕಕ್ಕೆ ಒಗ್ಗಿದಷ್ಟು ಎಷ್ಟೋ ಹೊಸ ಸಭಾಂಗಣಗಳೂ ಒಗ್ಗುವುದಿಲ್ಲ. ಕಾರಣ ಕಾಫಿ.

ಕಾಫಿ ಬೀಜ ಸುತ್ತಲಿನ ಎಲ್ಲವನ್ನೂ ಹೀರಿಕೊಳ್ಳುತ್ತದೆ. ತೇವ ಇದ್ದರೆ ತೇವ, ವಾಸನೆ ಇದ್ದರೆ ವಾಸನೆ. ಕಣದಲ್ಲಿ ಒಣಗಿಸಿ ತೇವವನ್ನು ನೂರಕ್ಕೆ ಹತ್ತು ಹನ್ನೊಂದು ಭಾಗಕ್ಕೆ ಇಳಿಸಿ ತಂದ ಬೀಜ, ಗೋಡೌನಿನಲ್ಲಿ ಮತ್ತೆ ತೇವ ಎಳೆದುಕೊಂಡರೆ ಮುಗ್ಗಲು ಹಿಡಿದು ಹೋಗುತ್ತದೆ. ಅದಕ್ಕೇ ದಪ್ಪ ಗೋಡೆ, ಎತ್ತರದ ಮಾಡು, ಗಾಳಿ ಆಡಲು ಸೂರಿನ ಹತ್ತಿರ ಮಾತ್ರ ಜಾಲರಿ ಹಾಕಿದ ಕಿಂಡಿ. ಕೆಳಗೆ ಕಿಟಕಿ ಕಡಿಮೆ, ಬಿಸಿಲೂ ಕಡಿಮೆ, ಕಳ್ಳರ ಕೈಗೂ ಎಟುಕುವುದಿಲ್ಲ. ಈಗ ಇದನ್ನೇ ನಾಟಕದವರ ಕಣ್ಣಿನಿಂದ ನೋಡಿ. ಕತ್ತಲು ಬೇಕು, ಇದೆ. ಎತ್ತರ ಬೇಕು, ಇದೆ. ತಂಪು ಬೇಕು, ಇದೆ. ನಡುವೆ ಅಡ್ಡ ಬರುವ ಕಂಬ ಇರಬಾರದು, ಇಲ್ಲ. ಮೂಟೆ ಅಟ್ಟಿ ಹಾಕುವುದಕ್ಕೆ ಅಂತ ಜಾಗ ಖಾಲಿ ಬಿಟ್ಟು, ಮಾಡಿನ ಭಾರವನ್ನೆಲ್ಲ ಗೋಡೆಯ ಮೇಲೆ ಹೊರಿಸಿದ್ದಾರೆ.

ಇನ್ನೂ ಒಂದು ತಮಾಷೆ ಕೇಳಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ, ರೋಬಸ್ಟಾ ಜನವರಿಯಿಂದ. ಬೀಜದ ಕೆಲಸವೆಲ್ಲ ಬೇಸಿಗೆ ಮುಗಿಯುವುದರೊಳಗೆ ಹೆಚ್ಚೂಕಡಿಮೆ ಮುಗಿಯುತ್ತದೆ. ಮಳೆಗಾಲದಲ್ಲಿ ಇಲ್ಲಿ ಜನ ಓಡಾಡಿದ್ದೇ ಕಡಿಮೆ. ಈಗ ಮಳೆಗಾಲದಲ್ಲೇ ಜಾಸ್ತಿ ಕಾರ್ಯಕ್ರಮ, ಯಾಕಂದ್ರೆ ಹೊರಗೆ ಎಲ್ಲೂ ಶಾಮಿಯಾನ ಹಾಕುವ ಹಾಗಿಲ್ಲ. ಅಂದರೆ ಈ ಹಂಚಿನ ಸದ್ದಿನ ಕಷ್ಟ ಕಾಫಿ ಮೂಟೆಗಳಿಗೆ ಯಾವತ್ತೂ ಆಗಿರಲಿಲ್ಲ.

[ಒಂದು ಹಂಚಿನ ಹಿಂಬದಿ, ತೀರಾ ಹತ್ತಿರದಿಂದ.]

ಹಂಚಿನ ವಿಷಯ ಬಂತಲ್ಲ, ಇದನ್ನು ನೋಡಿ. ಮಾಡು ರಿಪೇರಿ ಮಾಡುವಾಗ ತೆಗೆದಿಟ್ಟ ಮಂಗಳೂರು ಹಂಚು. ತಿರುಗಿಸಿದರೆ ಅಚ್ಚು ಒತ್ತಿದ ಅಕ್ಷರ: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಮೊದಲ ಸಲ ಇದನ್ನು ನೋಡಿ ನಾನು ಕುಣಿದುಬಿಟ್ಟೆ, ಕಟ್ಟಡಕ್ಕೆ ನೂರೈವತ್ತು ವರ್ಷದ ಮೇಲಾಗಿದೆ ಅಂತ ಫೋಟೋ ತೆಗೆದು ಸ್ಟೇಟಸ್ ಕೂಡ ಹಾಕಿದ್ದೆ. ತಪ್ಪು. 1865 ಅನ್ನುವುದು ಮಂಗಳೂರಿನ ಜೆಪ್ಪುವಿನಲ್ಲಿ ಆ ಕಾರ್ಖಾನೆ ಶುರುವಾದ ವರ್ಷ. ಆಮೇಲೆ ದಶಕಗಟ್ಟಲೆ ಮಾಡಿದ ಹಂಚಿಗೂ ಅದೇ ಅಚ್ಚು. ನಿಮ್ಮ ಅಜ್ಜನ ಮನೆ 1865ರದ್ದು ಅಂತ ಯಾರಾದರೂ ಹಂಚು ತೋರಿಸಿ ಹೇಳಿದರೆ ಸುಮ್ನೆ ನಕ್ಕು ಕಾಫಿ ಕುಡಿಯಿರಿ, ವಾದ ಬೇಡ.

ಹಾಗಾದರೆ ವಯಸ್ಸು ಗೊತ್ತಾಗುವುದು ಹೇಗೆ? ಬಾಗಿಲ ಮೇಲೆ ನೋಡಿ.

[ಸುಣ್ಣದ ಪದರದಡಿ ಮಸುಕು ಅಕ್ಷರಗಳು.]

ಸುಣ್ಣ ಉದುರಿದ ಕಡೆ ಹಳೇ ಬಣ್ಣದ ಅಕ್ಷರ ಇಣುಕುತ್ತದೆ. ಮೊಬೈಲ್ ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದರೆ ಓದಲಿಕ್ಕೆ ಬರುತ್ತದೆ. ಕೊನೆಯ ಸಾಲು 'ಕಡೂರು ಡಿಸ್ಟ್ರಿಕ್ಟ್'. ಈಗಿನ ಚಿಕ್ಕಮಗಳೂರು ಜಿಲ್ಲೆಯ ಹೆಸರು 1947ರ ತನಕ ಕಡೂರು ಜಿಲ್ಲೆ ಅಂತಲೇ ಇತ್ತು. ಹಾಗಾಗಿ ಈ ಗೋಡೆ ಆ ಹೆಸರು ಇದ್ದ ಕಾಲದ್ದು. ರಿಪೇರಿಯವರು ಇದರ ಮೇಲೆ ಮತ್ತೆ ಬಣ್ಣ ಬಳಿಯಲಿಲ್ಲ, ಬೋರ್ಡೂ ಹೊಡೆಯಲಿಲ್ಲ. ಇಡೀ ಕಟ್ಟಡದಲ್ಲಿ ನನಗೆ ಬಹಳ ಇಷ್ಟವಾದ ಜಾಗ ಈ ಎರಡು ಗೇಣು ಗೋಡೆ.

[ರಂಗ. ನೆಲಕ್ಕೆ ತಾಗಿ ಕ್ಯಾಮೆರಾ.]

ರಂಗವನ್ನು ಹೊಸದಾಗಿ ಕಟ್ಟಿದ್ದಲ್ಲ. ಬೀಜದ ಸಿಪ್ಪೆ ಸುಲಿಯುವ ಹಲ್ಲರ್ ಯಂತ್ರ ಕೂತಿದ್ದ ಕಟ್ಟೆ ಇದು. ಯಂತ್ರ ಅದುರುತ್ತದೆ, ಅದಕ್ಕೇ ಅಷ್ಟು ದಪ್ಪ ಕಟ್ಟೆ. ಯಂತ್ರ ಗುಜರಿಗೆ ಹೋಯಿತು. ಹಿಡಿದಿದ್ದ ಬೋಲ್ಟುಗಳನ್ನು ಕಿತ್ತರೆ ಕಟ್ಟೆಯೇ ಒಡೆಯುತ್ತದೆ ಅಂತ ತಲೆ ಮಾತ್ರ ಕೊಯ್ದು ನುಣ್ಣಗೆ ಉಜ್ಜಿಬಿಟ್ಟಿದ್ದಾರೆ. ಒಟ್ಟು ಎಂಟು. ಹೊಸ ನಟರಿಗೆ ಮೊದಲ ಪಾಠ ಮಾತಲ್ಲ, ಈ ಎಂಟು ಬೋಲ್ಟು ಎಲ್ಲೆಲ್ಲಿವೆ ಅಂತ ಬರಿಗಾಲಲ್ಲಿ ಕಣ್ಣು ಮುಚ್ಚಿಕೊಂಡು ನಡೆದು ಹೇಳುವುದು. ವೀರಗಾಸೆ ಕಲಿಯುವ ಹುಡುಗರು ಬೋಲ್ಟನ್ನೇ ಗುರುತು ಮಾಡಿಕೊಂಡು ಸಾಲು ಹಿಡಿಯುತ್ತಾರೆ.

ಪಕ್ಕದ ಹಾಲ್ ಇನ್ನೊಂದು ಥರ. ಇಲ್ಲಿ ಉತ್ತರಕ್ಕೆ ಸಾಲಾಗಿ ಕಿಟಕಿ. ಯಾಕೆ ಗೊತ್ತಾ? ಇಲ್ಲಿ ಹೆಂಗಸರು ಕೂತು ಬೀಜ ಆರಿಸುತ್ತಿದ್ದರು. ಕಪ್ಪು ಬೀಜ, ಒಡಕು, ಕಲ್ಲು ಬೇರೆ ಮಾಡಬೇಕಾದರೆ ಬೆಳಕು ಚೆನ್ನಾಗಿರಬೇಕು, ಆದರೆ ಬಿಸಿಲು ನೇರ ಬೀಳಬಾರದು, ಬಿದ್ದರೆ ಬಣ್ಣ ಸರಿಯಾಗಿ ಕಾಣುವುದಿಲ್ಲ. ಆರಿಸುವ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಉತ್ತರದ ಕಿಟಕಿಯಿಂದ ಬರುವುದು ಮೆತ್ತನೆ ಬೆಳಕು. ಚಿತ್ರ ಬರೆಯುವವರೂ ಇದೇ ಬೆಳಕನ್ನು ಹುಡುಕಿಕೊಂಡು ಹೋಗುತ್ತಾರೆ. ಹಾಗಾಗಿ ಮಕ್ಕಳ ಚಿತ್ರಕಲೆ ತರಗತಿ ಈ ಹಾಲಿನಲ್ಲೇ.

ನಮ್ಮ ಅಜ್ಜಿ ಹೀಗೆ ಬೀಜ ಆರಿಸಿದವರು. ಈ ಕಟ್ಟಡದಲ್ಲೇ, ನಾಲ್ಕೋ ಐದೋ ಸೀಸನ್. ಕಳೆದ ತಿಂಗಳು ಕರೆದುಕೊಂಡು ಬಂದಿದ್ದೆ. ಬಾಗಿಲಲ್ಲೇ ತೊಂದರೆ ಶುರುವಾಯಿತು, ಅದನ್ನೂ ಹೇಳಬೇಕು. ಗೋಡೌನಿನ ನೆಲ ಗಾಡಿಯ ಹಲಗೆಯ ಎತ್ತರಕ್ಕೆ ಇದೆ. ಮೂಟೆಯನ್ನು ಗಾಡಿಯಿಂದ ನೇರ ಒಳಗೆ ಎಳೆಯಲಿಕ್ಕೆ ಅನುಕೂಲ ಅಂತ. ಮೂಟೆಗೆ ಅನುಕೂಲ, ಮಂಡಿನೋವಿನವರಿಗೆ ಅಲ್ಲ. ಆರು ಮೆಟ್ಟಿಲು, ಕೈಹಿಡಿ ಇಲ್ಲ. ಒಂದು ಮರದ ಇಳಿಜಾರು ಇದೆ, ಮಳೆಗೆ ಪಾಚಿ ಕಟ್ಟಿ ಜಾರುತ್ತದೆ. ಇಷ್ಟೆಲ್ಲ ಯೋಚನೆ ಮಾಡಿ ರಿಪೇರಿ ಮಾಡಿದವರು ಇದೊಂದನ್ನು ಹೀಗೆ ಬಿಡಬಾರದಿತ್ತು. ನಾನು ಅವರಿಗೂ ಹೇಳಿದ್ದೇನೆ, ಇಲ್ಲೂ ಹೇಳುತ್ತಿದ್ದೇನೆ.

ಅಂತೂ ಇಬ್ಬರು ಹುಡುಗರು ಕೈಹಿಡಿದು ಹತ್ತಿಸಿದರು. ಒಳಗೆ ಬಂದ ಅಜ್ಜಿ ರಂಗ ನೋಡಲಿಲ್ಲ, ಗೋಡೆಯ ಚಿತ್ರ ನೋಡಲಿಲ್ಲ. ಸೀದಾ ಹೋಗಿ ಮೂರನೇ ಕಿಟಕಿಯ ಕೆಳಗೆ ನಿಂತು "ಇಲ್ಲೇ ಮಗಾ ನನ್ ಜಾಗ. ನಾಕನೇ ಕಿಟಕಿ ಹತ್ರ ಯಾರೂ ಕೂರ್ತಿರ್ಲಿಲ್ಲ, ಗಾಳಿಗೆ ಹೊಟ್ಟೆಲ್ಲ ಮುಖಕ್ಕೇ ಬರೋದು" ಅಂದರು. ಅಲ್ಲಿ ಆಗ ಒಬ್ಬಳು ಪುಟ್ಟ ಹುಡುಗಿ ಆನೆ ಬಿಡಿಸುತ್ತಿದ್ದಳು. ಅಜ್ಜಿ ಅವಳ ಪಕ್ಕ ನೆಲದಲ್ಲೇ ಕೂತುಬಿಟ್ಟರು, ಹೊರಡುವ ತನಕ ಏಳಲೇ ಇಲ್ಲ.

[ಸಾಲು ಕುರ್ಚಿಗಳ ಹಿಂದೆ ಬರೆದ ಅಕ್ಷರಗಳು.]

ಇಂಥ ಗೋಡೌನ್‌ಗಳು ಖಾಲಿ ಬಿದ್ದದ್ದು ಹೇಗೆ ಅನ್ನುವುದು ದೊಡ್ಡ ಕಥೆ, ಚಿಕ್ಕದಾಗಿ ಹೇಳುತ್ತೇನೆ. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆದವರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಒಟ್ಟು ಸೇರಿಸಿ ಮಾರುವ ವ್ಯವಸ್ಥೆಗೆ ಕೊಡಬೇಕಿತ್ತು, ಅದು ಕ್ಯೂರಿಂಗ್ ವರ್ಕ್ಸ್, ಅಂದರೆ ಬೀಜ ಸುಲಿದು ಆರಿಸುವ ಇಂಥ ಜಾಗಗಳ ಮೂಲಕವೇ ಹೋಗಬೇಕಿತ್ತು. 1990ರ ದಶಕದಲ್ಲಿ ಆ ಪದ್ಧತಿ ಮುಗಿದು, ಬೆಳೆಗಾರರು ತಮಗೆ ಬೇಕಾದವರಿಗೆ ಮಾರುವ ಹಾಗಾಯಿತು. ಆಮೇಲೆ ಬಣ್ಣ ನೋಡಿ ಬೀಜ ಬೇರೆ ಮಾಡುವ ಯಂತ್ರವೂ ಬಂತು. ದೊಡ್ಡವು ಉಳಿದವು. ಸಣ್ಣವು ಕೆಲವು ಕಲ್ಯಾಣ ಮಂಟಪ ಆದವು, ಕೆಲವು ಸಿಮೆಂಟ್ ಅಂಗಡಿ.

ಹಳೇ ಕೆಲಸದ ನೆನಪಿಗೆ ಇಲ್ಲಿ ಕುರ್ಚಿ ಸಾಲುಗಳಿಗೆ ಕಾಫಿಯ ಗ್ರೇಡ್ ಹೆಸರಿಟ್ಟಿದ್ದಾರೆ. ಮುಂದಿನ ಸಾಲು ಪೀಬೆರಿ, ಅಂದರೆ ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ಉರುಟು ಬೀಜ, ಆಮೇಲೆ ಎ, ಬಿ, ಸಿ. ಕೊನೆಯ ಸಾಲು ಬಿಬಿಬಿ. ಕಾಫಿಯವರಿಗೆ ಗೊತ್ತು, ಬಿಬಿಬಿ ಅಂದರೆ ಕಪ್ಪು, ಕಂದು, ಚೂರು ಬೀಜ, ಆರಿಸಿ ಬಿಸಾಕಿದ ಮಾಲು. ಕಾಲೇಜು ಹುಡುಗರು ಆ ಸಾಲಿಗೇ ಹೊಡೆದಾಡುತ್ತಾರೆ.

[ಗೋಡೆ. ಒಂದು ಕಡೆ ಉಬ್ಬಿದ ಪ್ಲಾಸ್ಟರ್, ಇನ್ನೊಂದು ಕಡೆ ಸುಣ್ಣದ ಗಾರೆ.]

ಈಗ ಈ ವಿಡಿಯೋದಲ್ಲಿ ನಿಮ್ಮ ಮನೆಗೂ ಉಪಯೋಗಕ್ಕೆ ಬರುವ ವಿಷಯ. ಎಡಗಡೆ ಗೋಡೆ ನೋಡಿ, ಹಪ್ಪಳದ ಹಾಗೆ ಉಬ್ಬಿದೆ. ಬಲಗಡೆ ಸರಿ ಇದೆ. ಎರಡೂ ಒಂದೇ ಕಾಲದ ಗೋಡೆ. ಎಡಗಡೆಗೆ ಮೊದಲು ಬಂದ ಮೇಸ್ತ್ರಿ ಸಿಮೆಂಟ್ ಪ್ಲಾಸ್ಟರ್ ಮಾಡಿ, ಮೇಲೆ ಹೊಳೆಯುವ ಪೇಂಟ್ ಹೊಡೆದು, ಇನ್ನು ಐವತ್ತು ವರ್ಷ ನೋಡುವ ಹಾಗಿಲ್ಲ ಅಂತ ಹೇಳಿ ಹೋದರಂತೆ. ಎರಡನೇ ಮಳೆಗಾಲಕ್ಕೇ ಹೀಗಾಯಿತು.

ಹಳೇ ಗೋಡೆ ಇಟ್ಟಿಗೆ, ಮಣ್ಣು, ಸುಣ್ಣದ್ದು. ನಮ್ಮ ದೇಶದಲ್ಲಿ ಸಿಮೆಂಟ್ ತಯಾರಿಕೆ ನೆಲೆ ನಿಂತದ್ದೇ 1914ರಲ್ಲಿ, ಪೋರಬಂದರಿನಲ್ಲಿ. ನಮ್ಮ ಕಡೆಯ ಸಾಧಾರಣ ಕಟ್ಟಡಕ್ಕೆ ಅದು ತಲುಪುವ ಹೊತ್ತಿಗೆ ಇನ್ನೂ ಎಷ್ಟೋ ವರ್ಷ. ಸುಣ್ಣದ ಗೋಡೆ ಮಳೆಗಾಲದಲ್ಲಿ ನೆಲದಿಂದ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಆವಿಯಾಗಿ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ಕುಡಿದ ನೀರು ಹೊರಗೆ ಬರಲಿಕ್ಕೆ ದಾರಿ ಇಲ್ಲ. ಒಳಗೇ ನಿಂತು, ಜೊತೆಗಿರುವ ಉಪ್ಪು ಹರಳುಗಟ್ಟಿ, ಪ್ಲಾಸ್ಟರನ್ನೇ ಹೊರಗೆ ತಳ್ಳುತ್ತದೆ. ಮಲೆನಾಡಿನ ಹಳೇ ಮನೆಗಳಲ್ಲಿ ಪ್ರತಿ ವರ್ಷ ಪೇಂಟ್ ಹೊಡೆಸಿ ಪ್ರತಿ ವರ್ಷ ಬೈದುಕೊಳ್ಳುವವರು ಎಷ್ಟು ಜನ ಇಲ್ಲ ಹೇಳಿ!

ಬಲಗಡೆ ಗೋಡೆಗೆ ಹಳೇ ಕ್ರಮದಲ್ಲೇ ಗಾರೆ ಮಾಡಿಸಿದರು. ಸುಣ್ಣವನ್ನು ಗುಂಡಿಯಲ್ಲಿ ನೀರು ಹಾಕಿ ವಾರಗಟ್ಟಲೆ ಕೊಳೆಹಾಕಿ, ಮರಳು ಸೇರಿಸಿ, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ ಅರೆದದ್ದು. ಬಳಿದ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು ನಿಧಾನಕ್ಕೆ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ನಿಧಾನ ಅಂದರೆ ನಿಜವಾಗಿಯೂ ನಿಧಾನ, ಅವಸರ ಇದ್ದವರಿಗೆ ಇದು ಆಗಿಬರುವುದಿಲ್ಲ. ಕೂಲಿಯೂ ಜಾಸ್ತಿ. ಹಣ ಹೊಂದಿಸಿಕೊಂಡು ವರ್ಷಕ್ಕೊಂದು ಗೋಡೆ ಮಾಡಿಸುತ್ತಿದ್ದಾರೆ. ಎಡಗಡೆಯದಕ್ಕೆ ಮುಂದಿನ ಬೇಸಿಗೆಯಲ್ಲಿ ಪಾಳಿ ಬರಬಹುದು.

[ಗೋಡೆಗೆ ತೂಗುಹಾಕಿದ ಗೋಣಿಚೀಲಗಳು.]

ಈ ಗೋಣಿಚೀಲ ಅಲಂಕಾರಕ್ಕಲ್ಲ. ಖಾಲಿ ಹಾಲಿನಲ್ಲಿ ಚಪ್ಪಾಳೆ ಹೊಡೆದರೆ ನಾಲ್ಕು ಸಲ ಕೇಳಿಸುತ್ತಿತ್ತು, ಮಾತು ಮಾತಿನ ಮೇಲೆ ಬಿದ್ದು ಕಲಸುಮೇಲೋಗರ. ಮೂಟೆ ತುಂಬಿದ್ದಾಗ ಮೂಟೆಗಳೇ ಸದ್ದು ನುಂಗುತ್ತಿದ್ದವು. ಈಗ ಚೀಲ ಮಡಿಸಿ ಪದರ ಪದರವಾಗಿ ಗೋಡೆಯಿಂದ ಸ್ವಲ್ಪ ಬಿಟ್ಟು ತೂಗುಹಾಕಿದ್ದಾರೆ. ಗೋಣಿಗೆ ಬೆಂಕಿಯ ಭಯ ಇದ್ದೇ ಇದೆ, ಅದಕ್ಕೆ ಹಿಂದೆ ಎರಡನೇ ಬಾಗಿಲು ಒಡೆಸಿದರು, ಮರಳಿನ ಬಕೆಟ್ ಇಟ್ಟರು, ವೈರಿಂಗ್ ಪೂರ್ತಿ ಹೊಸದು. ದೀಪ ಹಚ್ಚುವ ಉದ್ಘಾಟನೆ ಇಲ್ಲಿ ಇಲ್ಲ. ನನಗಂತೂ ಅದೇ ದೊಡ್ಡ ಸಮಾಧಾನ, ಭಾಷಣವೂ ಅದರ ಜೊತೆಗೇ ಹೋಯಿತು.

ಊರಲ್ಲಿ ದೊಡ್ಡ ಕಾರ್ಯಕ್ರಮಕ್ಕೆ ಕುವೆಂಪು ಕಲಾಮಂದಿರ ಇದೆ. ಇಲ್ಲಿಗೆ ಬರುವುದು ಅಲ್ಲಿಗೆ ಸಣ್ಣದಾಗುವಂಥವು: ಹತ್ತು ಜನರ ನಾಟಕ, ತಾಳಮದ್ದಳೆ, ಸೋಬಾನೆ ಹಾಡುವ ಹೆಂಗಸರ ಗುಂಪು, ಶಾಲೆ ಮಕ್ಕಳ ಚಿತ್ರ ಪ್ರದರ್ಶನ. ಟಿಕೆಟ್ ಇಲ್ಲ, ಬಾಗಿಲಲ್ಲಿ ಒಂದು ಹಳೇ ಕಾಫಿ ಡಬ್ಬಿ ಇಟ್ಟಿರುತ್ತಾರೆ. ದಯವಿಟ್ಟು ಹತ್ತು ರೂಪಾಯಿ ಹಾಕಿ ಇಪ್ಪತ್ತು ಸೆಲ್ಫಿ ತೆಗೆಯಬೇಡಿ, ಒಂದು ಹಂಚಿನ ದುಡ್ಡಾದರೂ ಹಾಕಿ.

[ಬಾಗಿಲು. ಹೊರಗೆ ಮಳೆ.]

ನೋಡಲಿಕ್ಕೆ ಹೋಗುವುದಾದರೆ ನಾಟಕದ ದಿನ ಒಂದು ಗಂಟೆ ಮುಂಚೆ ಹೋಗಿ. ಬೆಳಕಿರುವಾಗ ಉತ್ತರದ ಹಾಲ್, ಟಾರ್ಚ್ ಹಿಡಿದು ಬಾಗಿಲ ಮೇಲಿನ ಅಕ್ಷರ, ಚಪ್ಪಲಿ ಬಿಟ್ಟು ರಂಗದ ಬೋಲ್ಟು. ವಯಸ್ಸಾದವರಿದ್ದರೆ ಮೆಟ್ಟಿಲ ಹತ್ತಿರ ಕೂಗಿ, ಒಳಗಿನಿಂದ ಯಾರಾದರೂ ಬರುತ್ತಾರೆ. ಛತ್ರಿ ಒಳಗೆ ತರಬೇಡಿ, ಬಾಗಿಲ ಪಕ್ಕದ ಗೋಣಿಯ ಮೇಲೆ ಬಿಡಿ. ಹೋಗುವಾಗ ನಿಮ್ಮದನ್ನೇ ನೋಡಿ ತಗೊಳ್ಳಿ, ಕಳೆದ ವಾರ ನನ್ನ ಛತ್ರಿ ಮಂತ್ರಿಯವರ ಜೊತೆ ಮನೆಗೆ ಹೋಗಿತ್ತು, ಇನ್ನೂ ಬಂದಿಲ್ಲ.